ಪ್ರಶಸ್ತಿ ಬಂದ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು.

ಹೋಟೆಲ್ ಉದ್ಯಮಕ್ಕೆ ಹೊಸದಾಗಿ ಬಂದವರಿಗೆ ಕೊಡುವ ಪ್ರಶಸ್ತಿಗೆ ಈ ಸಲ ನಿನ್ನನ್ನು ಆಯ್ಕೆ ಮಾಡಿದ್ದಾರೆಂದು ತಿಳಿದು ನನಗಾದ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ. ಉಳಿದ ಮಾತು ಆಮೇಲೆ. ಹೌಸ್‌ಕೀಪಿಂಗ್ ವಿಭಾಗದಲ್ಲೇ ನೌಕರಿ ಮುಗಿಸಿದ ನನಗೆ ಪ್ರಶಸ್ತಿಗಳ ಪರಿಚಯ ಅಷ್ಟಾಗಿ ಇಲ್ಲ. ನಮ್ಮ ಕೆಲಸ ಸರಿಯಾಗಿ ನಡೆದ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಸಿಗೆಯ ಮೇಲೆ ಒಂದು ಕೂದಲು ಉಳಿದ ದಿನ ಮಾತ್ರ ಎಲ್ಲರಿಗೂ ನಮ್ಮ ನೆನಪಾಗುತ್ತದೆ.

ಅತಿಥಿಗಳು ನಿನ್ನ ಬಗ್ಗೆ ಬರೆದ ಮೆಚ್ಚುಗೆಯನ್ನು ಆಯ್ಕೆ ಸಮಿತಿಯವರು ಮುಖ್ಯವಾಗಿ ಗಮನಿಸಿದರೆಂದು ನೀನು ತಿಳಿಸಿದ್ದೀಯೆ. ಅದು ನ್ಯಾಯವೇ. ಆದರೆ ಅತಿಥಿಗಳು ಬರೆಯುವುದು ತಾವು ಯಾರ ಬ್ಯಾಡ್ಜ್ ಓದಿದರೋ ಅವರ ಬಗ್ಗೆ ಮಾತ್ರ. ಹೊತ್ತಿಗೆ ಮೊದಲೇ ಬಂದಿಳಿದ ಕುಟುಂಬಕ್ಕೆ ನೀನು ಫ್ರಂಟ್ ಆಫೀಸಿನಲ್ಲಿ ನಗುತ್ತ ಕೀ ಕಾರ್ಡ್ ಕೊಡಬೇಕಾದರೆ, ಹಿಂದಿನ ಅತಿಥಿ ಚೆಕ್-ಔಟ್ ಮಾಡಿದ ಕೂಡಲೇ ಒಬ್ಬರು ಲಿನೆನ್ ಬದಲಾಯಿಸಿ ಬಚ್ಚಲು ತೊಳೆದಿರಬೇಕು, ಸೂಪರ್‌ವೈಸರ್ ಬಂದು ತಪಾಸಣೆ ಮಾಡಿರಬೇಕು, ಕೊಠಡಿ ಸಿದ್ಧವಾಗಿದೆಯೆಂದು ಕಂಪ್ಯೂಟರಿನಲ್ಲಿ ನಮೂದಾಗಿರಬೇಕು. ವೇದಿಕೆಯ ಮೇಲೆ ನಿಂತು 'ಇದು ಇಡೀ ತಂಡದ ಗೌರವ' ಎಂದು ಎಲ್ಲರೂ ಹೇಳುತ್ತಾರೆ, ಹೇಳಿ ಕೆಳಗಿಳಿಯುತ್ತಾರೆ. ನೀನು ಅದಕ್ಕಿಂತ ಸಣ್ಣದಾದರೂ ಉಪಯೋಗಕ್ಕೆ ಬರುವ ಒಂದು ಕೆಲಸ ಮಾಡು: ಇನ್ನು ಮುಂದೆ ಕೊಠಡಿಯ ಬಗ್ಗೆ ಮೆಚ್ಚುಗೆ ಬಂದಾಗ, ಆ ದಿನ ಅದನ್ನು ಸಿದ್ಧಪಡಿಸಿದವರು ಯಾರೆಂದು ವಿಚಾರಿಸಿ, ಅವರ ಹೆಸರನ್ನು ಬೆಳಗಿನ ಬ್ರೀಫಿಂಗಿನಲ್ಲಿ ಹೇಳಿಸು.

ಚಿಕ್ಕ ವಯಸ್ಸಿನಲ್ಲಿ ಸಿಗುವ ಮನ್ನಣೆಯಾಗಲಿ ತಿರಸ್ಕಾರವಾಗಲಿ ಕೊನೆಯ ತೀರ್ಪಲ್ಲ ಎಂಬುದಕ್ಕೆ ನಿಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಪಠ್ಯದಲ್ಲೇ ಬರುವ ಹೋಟೆಲ್ ಉದ್ಯಮಿ ಸೆಸಾರ್ ರಿಟ್ಜ್ ಸಾಕು. ಈ ವೃತ್ತಿಗೆ ಲಾಯಕ್ಕಿಲ್ಲವೆಂದು ಹುಡುಗನಾಗಿದ್ದಾಗ ಕೆಲಸ ಕಳೆದುಕೊಂಡನೆನ್ನುವ ಆತ 1898ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನದೇ ಹೆಸರಿನ ಹೋಟೆಲ್ ತೆರೆದ. ಆದರೆ ನಾನು ಅವನನ್ನು ನೆನೆಯುವುದು ಆ ಗೆಲುವಿಗಾಗಿ ಅಲ್ಲ. 1902ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಬ್ರಿಟನ್ನಿನ ರಾಜ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕಾಗಿ ಆತ ಭಾರೀ ಸಿದ್ಧತೆ ನಡೆಸಿದ್ದಾಗ, ರಾಜನ ಅನಾರೋಗ್ಯದಿಂದ ಸಮಾರಂಭವೇ ಮುಂದಕ್ಕೆ ಹೋಯಿತು. ರಿಟ್ಜ್ ಕುಸಿದುಬಿದ್ದ, ಮತ್ತೆಂದೂ ಮೊದಲಿನಂತಾಗಲಿಲ್ಲ. ಅದು ಒಂದೇ ದಿನದ ಆಘಾತವಲ್ಲ, ವರ್ಷಗಟ್ಟಲೆ ಒಟ್ಟಾದ ದಣಿವು ಎಂದೇ ನನ್ನ ಎಣಿಕೆ. 'ಇವಳಿಗೆ ವಹಿಸಿದರೆ ಆಗಿಯೇ ಆಗುತ್ತದೆ' ಎಂಬ ಹೆಸರು ಬಂದ ಮೇಲೆ ಡಬಲ್ ಶಿಫ್ಟ್‌ಗೂ ನಿನ್ನನ್ನೇ ಕರೆಯುತ್ತಾರೆ, ರಜೆಯ ದಿನವೂ ನಿನಗೇ ಫೋನ್ ಬರುತ್ತದೆ. ವಾರದ ರಜೆಯನ್ನು ಬಿಟ್ಟುಕೊಡಬೇಡ.

ಬಡ್ತಿಯ ಮಾತೂ ಬರಬಹುದು. ಒಪ್ಪಿಕೊಳ್ಳುವ ಮೊದಲು ಕೆಲವು ತಿಂಗಳು ನೈಟ್ ಆಡಿಟ್ ಮಾಡಲು ಅವಕಾಶ ಕೇಳು. ದಿನದ ಲೆಕ್ಕ ಮುಚ್ಚಿ, ಪ್ರತಿಯೊಂದು ಕೊಠಡಿಯ ಬಾಡಿಗೆ ಮತ್ತು ತೆರಿಗೆಯನ್ನು ಅತಿಥಿಯ ಖಾತೆಗೆ ಸೇರಿಸಿ, ರೆಸ್ಟೋರೆಂಟಿನ ಬಿಲ್ಲುಗಳೊಂದಿಗೆ ತಾಳೆ ನೋಡುವ ಆ ಹೊತ್ತಿನಲ್ಲಿ ಹೋಟೆಲಿಗೆ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಎಂಬುದು ಹಗಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಅರಿಯದೆ ಮ್ಯಾನೇಜರ್ ಆದವರ ಕೈಕೆಳಗೆ ದುಡಿದವಳು ನಾನು. ಅವರಿಗೆ ಸಿಬ್ಬಂದಿಯನ್ನು ಕಡಿತ ಮಾಡುವುದೊಂದೇ ಉಳಿತಾಯದ ದಾರಿಯಾಗಿ ತೋರುತ್ತಿತ್ತು.

ಸಂಬಳದ ವಿಷಯವನ್ನು ಸಂಕೋಚವಿಲ್ಲದೆ ಎತ್ತು. ಪ್ರಶಸ್ತಿಯ ಫೋಟೋವನ್ನು ಸಂಸ್ಥೆ ತನ್ನ ಪ್ರಚಾರಕ್ಕೆ ಬಳಸಿಕೊಳ್ಳುವುದು ಖಂಡಿತ, ಆಗ ವೇತನದ ಪರಿಷ್ಕರಣೆ ಕೇಳುವುದು ದುರಾಸೆಯಾಗುವುದಿಲ್ಲ. ನಿನ್ನ ಹೆಸರನ್ನು ಶಿಫಾರಸು ಮಾಡಿದ ಮ್ಯಾನೇಜರಿಗೆ ಕೈಬರಹದಲ್ಲಿ ನಾಲ್ಕು ಸಾಲು ಬರೆ.

ಸಮಾರಂಭದ ಮರುದಿನ ನಿನಗೆ ಬೆಳಗಿನ ಶಿಫ್ಟ್ ಹಾಕಿದ್ದರೆ ಈಗಲೇ ಯಾರೊಂದಿಗಾದರೂ ಬದಲಾಯಿಸಿಕೊ. ರೋಸ್ಟರ್ ಅಂಟಿಸಿದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಇಂತಿ,
ನಿನ್ನ ಅಮ್ಮ