ನಾಲ್ಕನೇ ಪ್ರಶ್ನೆಯ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಮಕ್ಕಳ ಕೈಯಲ್ಲಿ ಕಳಿಸಿದ್ದ ಆರೋಗ್ಯ ಮಾಹಿತಿ ಫಾರಂ ಹೆಚ್ಚಿನ ಮನೆಗಳಿಂದ ವಾಪಸು ಬಂದಿದೆ. ಆದರೆ ನಾಲ್ಕನೇ ಪ್ರಶ್ನೆಯ ಜಾಗ ಬಹುಪಾಲು ಖಾಲಿ. ಕೆಲವರು ಅಡ್ಡಗೆರೆ ಎಳೆದಿದ್ದೀರಿ. ಒಬ್ಬರು ಪಕ್ಕದಲ್ಲೇ, "ಶಾಲೆ ಇರುವುದು ಪಾಠಕ್ಕೋ, ಸತ್ತವರ ಲೆಕ್ಕ ಬರೆಯುವುದಕ್ಕೋ?" ಎಂದು ಬರೆದಿದ್ದಾರೆ. ಮಾತು ಖಾರವಾಗಿದೆ, ಆದರೂ ಉತ್ತರ ಕೊಡಬೇಕಾದದ್ದೇ.

ಆ ಪ್ರಶ್ನೆ ಹೀಗಿತ್ತು: ಮಗುವಿನ ರಕ್ತಸಂಬಂಧಿಗಳಲ್ಲಿ ಯಾರಾದರೂ 50 ವರ್ಷದೊಳಗೆ ದಿಢೀರನೆ, ಕಾರಣ ಸರಿಯಾಗಿ ತಿಳಿಯದೆ ತೀರಿಕೊಂಡಿದ್ದಾರೆಯೇ? ಇದನ್ನು ಒಂದು ಮಾತಿನ ವಿವರಣೆಯೂ ಇಲ್ಲದೆ ರಕ್ತದ ಗುಂಪು, ಕನ್ನಡಕದ ನಂಬರಿನ ಕೆಳಗೆ ಅಚ್ಚು ಹಾಕಿಸಿದ್ದು ನನ್ನ ತಪ್ಪು. ಅಂಥ ಸಾವು ಕಂಡ ಮನೆಯವರಿಗೆ ಅದು ಎಷ್ಟು ಚುಚ್ಚೀತು ಎಂಬುದು ನನಗೆ ಹೊಳೆದದ್ದು ಆಮೇಲೆ. ಕ್ಷಮೆ ಇರಲಿ. ಆದರೆ ಪ್ರಶ್ನೆಯನ್ನು ಹಿಂದಕ್ಕೆ ಪಡೆಯುತ್ತಿಲ್ಲ.

ಅದು ಫಾರಂಗೆ ಬಂದದ್ದು ಹೀಗೆ. ಒಬ್ಬ ವಿದ್ಯಾರ್ಥಿನಿ ಮೈದಾನದಲ್ಲಿ ಬಿದ್ದಾಗ ಅವಳ ತಾಯಿ ನನ್ನನ್ನು, "ಮೇಡಂ, ಇದು ಎಷ್ಟನೇ ಸಲ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಪ್ರಥಮ ಚಿಕಿತ್ಸೆಯ ರಿಜಿಸ್ಟರು, ದೈಹಿಕ ಶಿಕ್ಷಕರ ನೋಟ್‌ಬುಕ್ಕು, ತರಗತಿಯ ಡೈರಿ ಮೂರನ್ನೂ ತರಿಸಿ ಮೇಜಿನ ಮೇಲೆ ಹರಡಿಕೊಂಡೆ. ಒಂದರಲ್ಲಿ "ಬಿಸಿಲಿಗೆ ತಲೆಸುತ್ತು, ಗ್ಲೂಕೋಸ್ ಕೊಟ್ಟಿದೆ". ಇನ್ನೊಂದರಲ್ಲಿ "ಬೆಳಿಗ್ಗೆ ಏನೂ ತಿಂದಿರಲಿಲ್ಲವಂತೆ". ಮತ್ತೊಂದರಲ್ಲಿ "ಓಡುತ್ತಿದ್ದಾಗಲೇ ಬಿದ್ದಳು, ತಾನೇ ಎದ್ದಳು". ಮೂರು ಕೈಬರಹ, ಮೂರು ತಿಂಗಳು, ಒಂದೇ ಹುಡುಗಿ. ಬರೆದ ಮೂವರೂ ಅದು ಮೊದಲ ಸಲ ಎಂದೇ ತಿಳಿದಿದ್ದರು. ವೈದ್ಯರು ಮೊದಲೆರಡನ್ನು ಬದಿಗಿಟ್ಟು ಮೂರನೆಯದರ ಮೇಲೆ ಬೆರಳಿಟ್ಟರು. ಸಾಲಿನಲ್ಲಿ ನಿಂತು ನಿಂತು ಬೀಳುವುದು ಬೇರೆ, ಓಡುತ್ತಿರುವಾಗಲೇ ಎಚ್ಚರ ತಪ್ಪುವುದು ಬೇರೆ; ಅದು ಹೃದಯದ ತೊಂದರೆಯ ಸುಳಿವಾಗಿರಬಹುದು. ತಪಾಸಣೆಯಲ್ಲಿ ಗಾಬರಿಪಡುವಂಥದ್ದೇನೂ ಸಿಗಲಿಲ್ಲ. ಈಗ ಮತ್ತೆ ಆಡುತ್ತಿದ್ದಾಳೆ. (ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಶಾಲೆಯೊಳಗೇ ಹೀಗಾದರೆ ಹೊರಗಿನ ಪಾಡು ಏನು? ಎಳೆಯ ವಯಸ್ಸಿನವರ ಹೃದಯ ಹಠಾತ್ತನೆ ನಿಂತಾಗ, ನೀರಿನಲ್ಲಿದ್ದರೆ ಮುಳುಗಿ ಸಾವು ಎಂದು ಬರೆಯುತ್ತಾರೆ. ಗಾಡಿ ಓಡಿಸುತ್ತಿದ್ದರೆ ಅಪಘಾತ. ಕೈಕಾಲು ಅದುರಿದ್ದರೆ ಫಿಟ್ಸ್. ಯಾವುದೂ ಅಲ್ಲವಾದರೆ 'ಹಾರ್ಟ್ ಅಟ್ಯಾಕ್' ಎಂಬ ಒಂದೇ ಪದ. ಹಾರ್ಟ್ ಅಟ್ಯಾಕ್ ಎಂದರೆ ರಕ್ತನಾಳ ಕಟ್ಟಿಕೊಳ್ಳುವುದು. ನಾನು ಹೇಳುತ್ತಿರುವುದು ಅದಲ್ಲ, ಹೃದಯದ ವಿದ್ಯುತ್ ಬಡಿತವೇ ದಾರಿ ತಪ್ಪಿ ರಕ್ತ ಪಂಪ್ ಆಗದೆ ಹೋಗುವುದು, ಕಾರ್ಡಿಯಾಕ್ ಅರೆಸ್ಟ್. ಮಕ್ಕಳಲ್ಲಿ, ಯುವಕರಲ್ಲಿ ಇದರ ಹಿಂದೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಇರಬಹುದು. ಅದು ಸುಮಾರು 500 ಜನರಲ್ಲಿ ಒಬ್ಬರಿಗಿದೆ. ಸುಮಾರು 2,000ಕ್ಕೆ ಒಬ್ಬರಲ್ಲಿರುವ ಲಾಂಗ್ ಕ್ಯೂಟಿ ಎಂಬ, ಹೃದಯದ ವಿದ್ಯುತ್ ಬಡಿತದ ದೋಷವಿರಬಹುದು. ಇದರ ಒಂದು ಬಗೆಯಲ್ಲಿ ಈಜು ಅಪಾಯ ತಂದರೆ, ಇನ್ನೊಂದರಲ್ಲಿ ಹಠಾತ್ ಗಂಟೆಯ ಸದ್ದೇ ಸಾಕು. ಈ ಎರಡೂ ಹೆಚ್ಚಾಗಿ ವಂಶದಲ್ಲಿ ಹರಿದು ಬರುವಂಥವು. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಅಣ್ಣನ ಸಾವಿಗೆ ಸರಿಯಾದ ಕಾರಣ ಬರೆದಿಟ್ಟರೆ ತಂಗಿಯನ್ನು ವೈದ್ಯರ ಬಳಿ ಕರೆದೊಯ್ಯಬಹುದು. 'ಮುಳುಗಿ ಸಾವು' ಎಂದು ಮುಚ್ಚಿಬಿಟ್ಟರೆ ತಂಗಿಯ ಗೊಡವೆ ಯಾರಿಗೂ ಇರುವುದಿಲ್ಲ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 2010ರಿಂದ 2012ರವರೆಗೆ 1ರಿಂದ 35 ವರ್ಷದವರ ಇಂಥ 490 ಸಾವುಗಳನ್ನು ಒಂದೊಂದಾಗಿ ಬೆನ್ನಟ್ಟಿ ನೋಡಿದರು. ಶೇ. 40ರಷ್ಟರಲ್ಲಿ ಮರಣೋತ್ತರ ಪರೀಕ್ಷೆಯಿಂದಲೂ ಕಾರಣ ತಿಳಿಯಲಿಲ್ಲ. ಅಂಥವರಲ್ಲಿ ವಂಶವಾಹಿ ಪರೀಕ್ಷೆ ಮಾಡಿದಾಗ ಕಾಲುಭಾಗಕ್ಕಿಂತ ಹೆಚ್ಚು ಮಂದಿಯಲ್ಲಿ ಸುಳಿವು ಸಿಕ್ಕಿತು. ಇನ್ನೊಂದು ವಿಷಯ, ಪಿಟಿ ಪೀರಿಯಡ್ಡನ್ನೇ ನಿಲ್ಲಿಸಿ ಎಂದು ಬರೆದವರಿಗಾಗಿ: ಹೆಚ್ಚಿನವರು ತೀರಿಕೊಂಡದ್ದು ನಿದ್ದೆಯಲ್ಲಿ ಅಥವಾ ಸುಮ್ಮನಿದ್ದಾಗ, ಓಡುವಾಗಲ್ಲ. ಪಿಟಿ ನಿಲ್ಲುವುದಿಲ್ಲ.

ಇಟಲಿ 1982ರಲ್ಲಿ ಕ್ರೀಡಾಪಟುಗಳಿಗೆ ಇಸಿಜಿ (ಹೃದಯದ ವಿದ್ಯುತ್ ಬಡಿತದ ಪರೀಕ್ಷೆ) ಸಹಿತ ತಪಾಸಣೆ ಕಡ್ಡಾಯ ಮಾಡಿತು. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಅದಕ್ಕೂ ಮುಂಚಿನಿಂದ ಲೆಕ್ಕ ಇಟ್ಟಿದ್ದರಿಂದ, 2004ರ ಹೊತ್ತಿಗೆ ಕ್ರೀಡಾಪಟುಗಳ ಹಠಾತ್ ಸಾವು ಶೇ. 90ರ ಹತ್ತಿರ ಇಳಿದದ್ದು ಕಂಡಿತು. ಇಸ್ರೇಲ್‌ನಲ್ಲಿ ಅಂಥದೇ ಕಾನೂನಿನ ನಂತರ ಇಳಿಕೆ ಕಾಣಲಿಲ್ಲ. ಇದರ ಮೇಲೆ ವೈದ್ಯರ ವಾದ ಇನ್ನೂ ಮುಗಿದಿಲ್ಲ. ವಾದ ಮಾಡುವುದಕ್ಕಾದರೂ ಲೆಕ್ಕ ಬೇಕಲ್ಲ!

ನಿಮ್ಮ ನಿಜವಾದ ಅಳುಕು ಏನೆಂದು ಗೊತ್ತು. 'ಹೌದು' ಎಂದು ಬರೆದರೆ ಮಗುವನ್ನು ತಂಡದಿಂದ ಕೈಬಿಡುತ್ತಾರೆ, 'ಹಾರ್ಟ್ ಪೇಷೆಂಟ್' ಎಂದು ಹಣೆಪಟ್ಟಿ ಹಚ್ಚುತ್ತಾರೆ ಎಂಬುದು. ಹಾಗೆ ಮಾಡುವುದಿಲ್ಲ. 'ಹೌದು' ಬಂದರೆ ನಾನೇ ನಿಮಗೆ ಫೋನ್ ಮಾಡಿ, ವೈದ್ಯರಿಗೆ ಒಮ್ಮೆ ತೋರಿಸಿ ಎನ್ನುತ್ತೇನೆ, ಅಷ್ಟೇ. ಆ ಹಾಳೆ ನನ್ನ ಕೋಣೆಯ ಬೀರುವಿನಲ್ಲಿ ಇರುತ್ತದೆ. ಅದನ್ನು ನೋಡುವವರು ನಾನು ಮತ್ತು ದೈಹಿಕ ಶಿಕ್ಷಕರು, ಮೂರನೆಯವರಿಲ್ಲ. ಮತ್ತೊಮ್ಮೆ ಹೇಳುತ್ತೇನೆ: ನೀವು ಬರೆದ ಒಂದು ಪದದ ಮೇಲೆ ಯಾವ ಮಗುವಿನ ಆಟವನ್ನೂ ಶಾಲೆ ನಿಲ್ಲಿಸುವುದಿಲ್ಲ.

ಆದರೆ ಓಡುವಾಗ, ಆಡುವಾಗ ಎಚ್ಚರ ತಪ್ಪಿ ಬಿದ್ದ ಮಗು ವೈದ್ಯರ ಚೀಟಿ ಇಲ್ಲದೆ ಮೈದಾನಕ್ಕೆ ಇಳಿಯುವಂತಿಲ್ಲ. ಮರುದಿನವೇ ಪಂದ್ಯವಿದ್ದರೂ ಸರಿ, ಯಾರ ಶಿಫಾರಸು ತಂದರೂ ಸರಿ. ಬೇಸರವಾಗುತ್ತದೆ, ಗೊತ್ತು. ಬೈಯಬೇಕೆನಿಸಿದರೆ ನನ್ನನ್ನು ಬೈಯಿರಿ, ದೈಹಿಕ ಶಿಕ್ಷಕರನ್ನು ಬೇಡ.

ಇನ್ನು ಮುಂದೆ ಬಿದ್ದವರ ದಾಖಲೆಗೆ ಒಂದೇ ಪುಸ್ತಕ. ಹೊತ್ತು, ಆಗ ಮಗು ಮಾಡುತ್ತಿದ್ದ ಕೆಲಸ, ಎಚ್ಚರವಾಗಲು ಹಿಡಿದ ಸಮಯ ಎಲ್ಲವನ್ನೂ ಅಂದೇ ಬರೆದು ಅದರ ಪ್ರತಿ ನಿಮಗೂ ಕೊಡುತ್ತೇವೆ. ಸಿಬ್ಬಂದಿಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಸುವುದು) ತರಬೇತಿಯೂ ಶುರುವಾಗಿದೆ. ಸಿಪಿಆರ್, ಬಡಿತ ಸರಿಪಡಿಸಲು ಯಂತ್ರದಿಂದ ಕೊಡುವ ವಿದ್ಯುತ್ ಷಾಕ್ ಎರಡೂ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. 2021ರ ಯೂರೋ ಫುಟ್‌ಬಾಲ್‌ನಲ್ಲಿ ಡೆನ್ಮಾರ್ಕ್‌ನ ಆಟಗಾರ ಎರಿಕ್ಸನ್ ಕುಸಿದು ಬಿದ್ದದ್ದನ್ನು ನಿಮ್ಮಲ್ಲಿ ಕೆಲವರು ಟಿವಿಯಲ್ಲಿ ನೋಡಿರಬಹುದು. ಅವರು ಉಳಿದದ್ದು ಮೈದಾನದಲ್ಲೇ ಇವೆರಡೂ ಸಿಕ್ಕಿದ್ದರಿಂದ. ಫಾರಂ ತುಂಬಿಬಿಟ್ಟರೆ ಯಾರಿಗೂ ಏನೂ ಆಗದು ಎಂದು ನಾನು ಭರವಸೆ ಕೊಡಲಾರೆ. ಇಸಿಜಿಯೂ ಎಲ್ಲವನ್ನೂ ಹಿಡಿಯುವುದಿಲ್ಲ.

ಶುಕ್ರವಾರದೊಳಗೆ ನಾಲ್ಕನೇ ಪ್ರಶ್ನೆಗೆ 'ಹೌದು', 'ಇಲ್ಲ' ಅಥವಾ 'ಗೊತ್ತಿಲ್ಲ' ಎಂದು ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸಿಕೊಡಿ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಅಡ್ಡಗೆರೆ ಎಳೆದವರಿಗೆ ಹೊಸ ಫಾರಂ ಇದರ ಜೊತೆಗೇ ಇಟ್ಟಿದ್ದೇನೆ. ಪಕ್ಕದಲ್ಲಿ ಟಿಪ್ಪಣಿ ಬರೆದವರಿಗೆ ಎರಡು ಇಟ್ಟಿದ್ದೇನೆ, ಜಾಗ ಸಾಲದಿದ್ದರೆ ಇರಲಿ ಎಂದು.