ಚಿಚೆನ್ ಇಟ್ಜಾ ತೋರಿಸದೆ ಹಣ ಇಟ್ಟುಕೊಂಡ ಬಗ್ಗೆ ದೂರು

ಗೆ,
ಮಾಲೀಕರು,
ಸ್ಪ್ರಿಂಗ್ ಬ್ರೇಕ್ ಗ್ರೂಪ್ ಟೂರ್ ವಿಭಾಗ

ವಿಷಯ: ಗ್ಯಾಲ್ವೆಸ್ಟನ್ (ಟೆಕ್ಸಸ್) ಕ್ರೂಸ್‌ನ ಪ್ರೊಗ್ರೆಸೊ (ಮೆಕ್ಸಿಕೊ ಬಂದರು) ಎಕ್ಸ್‌ಕರ್ಷನ್ ಹಣ ವಾಪಸ್ ಮತ್ತು ನನ್ನ ತಾಯಿಯ ಫೋಟೋ

ಮಾನ್ಯರೇ,

ಈ ಪತ್ರ ಬರೆಯುವ ಮನಸ್ಸಿರಲಿಲ್ಲ. ನೀವು ನಮ್ಮ ಕಡೆಯವರು, ಡ್ಯಾಲಸ್‌ನಲ್ಲಿ ಯುಗಾದಿಗೂ ರಾಜ್ಯೋತ್ಸವಕ್ಕೂ ಮುಖ ನೋಡಬೇಕಾದವರು, ಫೋನಿನಲ್ಲೇ ಮುಗಿಸೋಣ ಎಂದುಕೊಂಡಿದ್ದೆ. ಮೊನ್ನೆ ಫೇಸ್‌ಬುಕ್‌ನಲ್ಲಿ ನಿಮ್ಮ ಮುಂದಿನ ಟ್ರಿಪ್ಪಿನ ಜಾಹೀರಾತು ನೋಡಿದೆ. 'ಚಿಚೆನ್ ಇಟ್ಜಾ ನೋಡಿ ಬಂದ ನಮ್ಮ ಖುಷಿಯ ಕುಟುಂಬಗಳು' ಎಂದು ಹಾಕಿದ ಫೋಟೋದಲ್ಲಿ ನನ್ನ ತಾಯಿ ಮುಂದಿನ ಸಾಲಿನಲ್ಲೇ ನಿಂತಿದ್ದಾರೆ. ಅವರು ಮೆಕ್ಸಿಕೊದ ಆ ಹಳೆಯ ಮಾಯಾ ಪಿರಮಿಡ್ಡಿನ ಜಾಗ, ಚಿಚೆನ್ ಇಟ್ಜಾ, ನೋಡಿಲ್ಲ. ಆ ಫೋಟೋದಲ್ಲಿರುವ ಯಾರೂ ನೋಡಿಲ್ಲ. ಅದು ಗ್ಯಾಲ್ವೆಸ್ಟನ್‌ನಲ್ಲಿ ಹಡಗು ಹತ್ತುವ ಮುಂಚೆ ನಿಮ್ಮ ಟೂರ್ ಮ್ಯಾನೇಜರ್ ತೆಗೆದ ಫೋಟೋ. ಇನ್ನು ಸುಮ್ಮನಿರಲು ಆಗುವುದಿಲ್ಲ.

ಕಡಿಮೆ ದರದ ಕ್ರೂಸ್ ಎಂದರೆ ಏನು ಎಂದು ತಿಳಿದೇ ಹೊರಟವರು ನಾವು. ಕಿಟಕಿಯಿಲ್ಲದ ರೂಮು. ದಿನಕ್ಕೆ ತಲೆಗಿಷ್ಟು ಎಂದು ಟಿಪ್ಸ್. ಪೋರ್ಟ್ ಫೀ, ಪಾರ್ಕಿಂಗ್, ವೈಫೈ ಎಲ್ಲಕ್ಕೂ ಬೇರೆ ದುಡ್ಡು. ಯಾವುದಕ್ಕೂ ತಕರಾರಿಲ್ಲ. ಹಡಗು ಚೆನ್ನಾಗಿತ್ತು, ಮೆಕ್ಸಿಕೊದ ಇನ್ನೊಂದು ಬಂದರು ಕೊಜುಮೆಲ್‌ನ ದಿನವೂ ಚೆನ್ನಾಗಿತ್ತು. ಆದರೆ ಹಡಗಿನ ಟಿಕೆಟ್ಟನ್ನು ನಾವೇ ಮನೆಯಲ್ಲಿ ಕೂತು ತಗೊಳ್ಳಬಹುದಿತ್ತು. ನಿಮ್ಮ ಹತ್ತಿರ ಬಂದದ್ದು ದಡದ ಮೇಲಿನ ಸುತ್ತಾಟಕ್ಕಾಗಿ, ಪ್ರೊಗ್ರೆಸೊದಿಂದ ಚಿಚೆನ್ ಇಟ್ಜಾಕ್ಕೆ ಹೋಗಿ ಬರಲು. 'ಹಡಗಿನವರಿಗಿಂತ ಕಡಿಮೆ ದರ, ಕನ್ನಡದ ಗೈಡ್, ಹಡಗು ತಪ್ಪುವ ಚಿಂತೆ ಬೇಡ' ಎಂದು ನಿಮ್ಮ ಬ್ರೋಷರ್‌ನಲ್ಲಿದೆ. ಅದಕ್ಕೆ ತಲೆಗೆ 85 ಡಾಲರ್, ಐದು ಜನಕ್ಕೆ 425 ಡಾಲರ್ ಕಟ್ಟಿದ್ದೇವೆ.

ಪ್ರೊಗ್ರೆಸೊದಲ್ಲಿ ಆದದ್ದು ಏನು ಎಂದು ನಿಮಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಆಫೀಸಿನವರು ಪ್ರತಿ ಸಲವೂ 'ಹವಾಮಾನದ ಸಮಸ್ಯೆ' ಎನ್ನುತ್ತಾರೆ. ಅವತ್ತು ಮೋಡವೇ ಇರಲಿಲ್ಲ. ಸಮಸ್ಯೆ ಗಡಿಯಾರದ್ದು. ಮೆಕ್ಸಿಕೊ 2022ರಲ್ಲಿ ಬೇಸಿಗೆಯ ಸಮಯ ಬದಲಾವಣೆಯನ್ನು ಹೆಚ್ಚುಕಡಿಮೆ ಇಡೀ ದೇಶದಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದೆ ಹೋಗುತ್ತದೆ. ಹಾಗಾಗಿ ಸ್ಪ್ರಿಂಗ್ ಬ್ರೇಕ್ (ಮಾರ್ಚ್‌ನ ಶಾಲಾ ರಜೆ) ಹೊತ್ತಿಗೆ ಗ್ಯಾಲ್ವೆಸ್ಟನ್ ಸಮಯಕ್ಕಿಂತ ಪ್ರೊಗ್ರೆಸೊ ಒಂದು ಗಂಟೆ ಹಿಂದೆ ಇರುತ್ತದೆ. ಕೊಜುಮೆಲ್ ಬೇರೆ ರಾಜ್ಯ, ಅಲ್ಲಿಯ ಸಮಯವೂ ಗ್ಯಾಲ್ವೆಸ್ಟನ್ ಸಮಯವೂ ಆಗ ಒಂದೇ. ನಮ್ಮ ಹಡಗು ಗ್ಯಾಲ್ವೆಸ್ಟನ್ ಸಮಯವನ್ನೇ ಇಟ್ಟುಕೊಂಡಿತ್ತು. ನೀವು ವ್ಯಾನಿನವರಿಗೆ 9 ಗಂಟೆ ಎಂದು ಹೇಳಿದಿರಿ, ಯಾರ ಗಡಿಯಾರದ 9 ಎಂದು ಹೇಳಲಿಲ್ಲ. ಪಾಪ, ಅವರು ತಮ್ಮ 9ಕ್ಕೆ ಸರಿಯಾಗಿ ಬಂದರು. ಹಡಗಿನಲ್ಲಿ ಆಗ 10. ಹಡಗಿನ ಸಮಯ ಮೂರೂವರೆಗೆ ಎಲ್ಲರೂ ಒಳಗಿರಬೇಕು. ಚಿಚೆನ್ ಇಟ್ಜಾಕ್ಕೆ ಹೋಗಲು ಸುಮಾರು ಎರಡು ಗಂಟೆ, ಬರಲು ಎರಡು ಗಂಟೆ. ಹಡಗಿನವರೇ ಮಾರಿದ ಟೂರ್ ತಡವಾದರೆ ಹಡಗು ಕಾಯುತ್ತದೆ. ಹೊರಗಿನವರ ಟೂರ್‌ಗೆ ಕಾಯುವುದಿಲ್ಲ. ಆ ಹೊತ್ತಿನಲ್ಲಿ ಹೊರಡದೇ ಇದ್ದದ್ದು ಸರಿಯೇ. ಆದರೆ ಕೊಡದ ಟೂರ್‌ನ ಹಣ ವಾಪಸ್ ಕೊಡಬೇಕಲ್ವಾ? ನಿಮ್ಮ ನಿಯಮಗಳ ಕೊನೆಯ ಪುಟದಲ್ಲಿ ನೀವೇ ಬರೆದಿದ್ದೀರಿ: 'ನಮ್ಮ ಕಾರಣದಿಂದ ಟೂರ್ ರದ್ದಾದರೆ ಪೂರ್ತಿ ಹಣ ಮರಳಿಸಲಾಗುವುದು.'

ಅಷ್ಟೇ ಆಗಿದ್ದರೆ ಇದು ನಾಲ್ಕು ಸಾಲಿನ ಪತ್ರವಾಗುತ್ತಿತ್ತು. ಉದ್ದನೆಯ ಪಿಯರ್ ಮೇಲೆ ಶಟಲ್ ಬಸ್ಸಿನಲ್ಲಿ ಊರಿಗೆ ಬಂದು, ಅಂಗಡಿಗಳ ಪಕ್ಕ ಬಿಸಿಲಲ್ಲಿ ನಿಂತಿದ್ದೆವು. ಹಡಗಿನವರ ಬಸ್ಸುಗಳು ಒಂದೊಂದಾಗಿ ನಮ್ಮ ಮುಂದೆಯೇ ಹೊರಟವು. ನಿಮ್ಮ ಟೂರ್ ಮ್ಯಾನೇಜರ್ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ. ಅಲ್ಲಿದ್ದದ್ದು ಅದೊಂದೇ ಕುರ್ಚಿ. ನನ್ನ ತಾಯಿಗೆ ಎಪ್ಪತ್ತು ದಾಟಿದೆ. ಇದಕ್ಕೆಂದೇ ತಂದ ಹೊಸ ಶೂ ಹಾಕಿಕೊಂಡು ನಿಂತೇ ಇದ್ದರು. ವ್ಯಾನ್ ಬಂದ ಮೇಲೆ ಅವರೇ ಹೋಗಿ ಕೇಳಿದರು.

"ಏನಪ್ಪಾ, ಹೊರಡೋಣ್ವಾ?"

"ಇವತ್ತು ಆಗಲ್ಲ ಆಂಟಿ. ಇಲ್ಲೇ ಬೀಚಲ್ಲಿ ಎಂಜಾಯ್ ಮಾಡಿ."

"ಅದನ್ನ ನೋಡೋಕೆ ಅಂತಾನೇ ಬಂದಿದ್ದೀವಲ್ಲಪ್ಪಾ."

ಆತ ಏಳಲಿಲ್ಲ. ಕಪ್ಪು ಕನ್ನಡಕ ತೆಗೆಯಲಿಲ್ಲ. ಸ್ಟ್ರಾ ಬಾಯಿಂದ ತೆಗೆದು ಹೇಳಿದ: "ಅಲ್ಲಿ ಏನಿದೆ ಆಂಟಿ? ಕಲ್ಲು. ಕಲ್ಲು ನೋಡೋಕೆ ನಿಮಗೆ ಹಂಪಿ ಇಲ್ವಾ?" ಸುತ್ತ ನಿಂತ ಕೆಲವರು ನಕ್ಕರು. ನಾನು ಮುಂದೆ ಹೋಗಿ, ಹಾಗಾದರೆ ಹಣ ವಾಪಸ್ ಕೊಡಿ ಎಂದೆ. ಅವನ ಉತ್ತರ ಇದು, ಒಂದು ಮಾತೂ ಸೇರಿಸಿಲ್ಲ: "ಸರ್, ಬಜೆಟ್ ಪ್ಯಾಕೇಜ್ ತಗೊಂಡು ಹೀಗೆಲ್ಲ ಕೇಳಬಾರದು. ಜಾಸ್ತಿ ಕೊಟ್ಟಿದ್ರೆ ಆ ಬಸ್ಸಲ್ಲಿ ಹೋಗ್ತಿದ್ರಿ. ಅಮ್ಮನ್ನ ಕರ್ಕೊಂಡು ಬಂದು ಡಾಲರ್ ಲೆಕ್ಕ ಹಾಕ್ತೀರಲ್ಲ." ಇದನ್ನು ನನ್ನ ಮಕ್ಕಳ ಮುಂದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆಮೇಲೆ 'ಅಟೆಂಡೆನ್ಸ್' ಎಂದು ಹೇಳಿ, ಮೇಲೆ ಏನೂ ಬರೆಯದ ಹಾಳೆಗೆ ಪ್ರತಿ ಮನೆಯವರಿಂದಲೂ ಸಹಿ ಹಾಕಿಸಿಕೊಂಡ. ಈಗ ನಿಮ್ಮ ಆಫೀಸು ಅದೇ ಹಾಳೆ ತೋರಿಸಿ, ಬೀಚ್ ಟೂರ್‌ಗೆ ನಾವೇ ಒಪ್ಪಿದ್ದೇವೆ ಎನ್ನುತ್ತಿದೆ!

ನನ್ನ ತಾಯಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಚಿಚೆನ್ ಇಟ್ಜಾದ ಕುಕುಲ್ಕಾನ್ ಪಿರಮಿಡ್ಡಿನ ಒಂದೊಂದು ಕಡೆಗೆ 91 ಮೆಟ್ಟಿಲು, ನಾಲ್ಕು ಕಡೆ ಸೇರಿ 364, ಮೇಲಿನದೊಂದು ಸೇರಿದರೆ ವರ್ಷದ 365 ದಿನ. ಇದನ್ನು ಹಡಗಿನಲ್ಲಿ ಮೊಮ್ಮಕ್ಕಳಿಗೆ ಚಿತ್ರ ಬರೆದು ಹೇಳಿಕೊಟ್ಟಿದ್ದರು. ಅಲ್ಲಿ ಈಗ ಮೆಟ್ಟಿಲು ಹತ್ತಲು ಬಿಡುವುದಿಲ್ಲ ಎಂದೂ ಅವರಿಗೆ ಗೊತ್ತಿತ್ತು. ಕೆಳಗೆ ನಿಂತು ನೋಡಿದರೆ ಸಾಕು ಎಂದಿದ್ದರು. ಅವರಿಗೆ ಅದು ಬರೀ ಕಲ್ಲಲ್ಲ. ವೀಸಾ ಮುಗಿಯುತ್ತ ಬಂದಿದೆ, ಊರಿಗೆ ಹೊರಟಿದ್ದಾರೆ. ಮತ್ತೆ ಈ ಕಡೆ ಬರುವುದು ಅನುಮಾನ. ನೀವು 425 ಡಾಲರ್ ಕೊಟ್ಟರೂ ಆ ದಿನ ಕೊಡಲು ಆಗುವುದಿಲ್ಲ.

ಇನ್ನೊಂದು. ಮಾರ್ಚ್ 20ರ ಆಸುಪಾಸಿನಲ್ಲಿ ಪಿರಮಿಡ್ಡಿನ ಮೆಟ್ಟಿಲ ಅಂಚಿನಲ್ಲಿ ಹಾವಿನಂಥ ನೆರಳು ಇಳಿಯುವುದನ್ನು ತೋರಿಸುತ್ತೇವೆ ಎಂದು ಬ್ರೋಷರ್‌ನಲ್ಲಿ ದೊಡ್ಡದಾಗಿ ಹಾಕಿದ್ದಿರಿ. ಆ ನೆರಳು ಬೀಳುವುದು ಇಳಿಹೊತ್ತಿನಲ್ಲಿ. ಅಷ್ಟರಲ್ಲಿ ನಾವು ಹಡಗಿನಲ್ಲಿರಬೇಕು. ಅಂದರೆ ವ್ಯಾನ್ ಬೆಳಗ್ಗೆ ಬೇಗ ಬಂದಿದ್ದರೂ ಅದನ್ನು ನೋಡಲು ಆಗುತ್ತಲೇ ಇರಲಿಲ್ಲ. ಮೆಕ್ಸಿಕೊ ಟೂರ್ ಮಾರುವವರಿಗೆ ಇಷ್ಟೂ ಗೊತ್ತಿಲ್ಲದಿದ್ದರೆ ನೀವು ಮಾರುವುದಾದರೂ ಏನು?

ಫೋನ್ ಮಾಡಿದಾಗಲೆಲ್ಲ 'ಮೇಲಿನವರಿಗೆ ಹೇಳಿದ್ದೇವೆ' ಎಂದಿರಿ. ವಾಟ್ಸಾಪ್ ಮೆಸೇಜು ಓದಿ ಬಿಟ್ಟಿರಿ. ಕೊನೆಗೆ ಅಲಾಸ್ಕಾ ಟೂರ್‌ಗೆ 50 ಡಾಲರ್ ಕೂಪನ್ ಕಳಿಸಿದಿರಿ. ಅದು ನಮಗೆ ಬೇಡ.

ನನ್ನ ತಾಯಿಯ ಫೋಟೋ ನಾಳೆ ಸಂಜೆಯೊಳಗೆ ಇಳಿಯಬೇಕು. 425 ಡಾಲರ್ ಪೂರ್ತಿ ನನ್ನ ಕಾರ್ಡಿಗೆ ಬರಬೇಕು. ನಿಮ್ಮ ಟೂರ್ ಮ್ಯಾನೇಜರ್ ನನ್ನ ತಾಯಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕು. ನನಗೆ ಬೇಡ, ಅವರಿಗೆ.

ಈ ಪತ್ರವನ್ನು ಟೆಕ್ಸಸ್‌ನ ಗ್ರಾಹಕ ರಕ್ಷಣಾ ಕಾನೂನಿನ ಪ್ರಕಾರ ಕೊಟ್ಟ 60 ದಿನದ ನೋಟಿಸ್ ಎಂದೇ ತಿಳಿಯಿರಿ. ಇಂಗ್ಲಿಷ್ ಪ್ರತಿ ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತಿದೆ. ಕಾರ್ಡ್ ಬ್ಯಾಂಕಿಗೆ ಇವತ್ತೇ ಡಿಸ್ಪ್ಯೂಟ್ ಹಾಕಿದ್ದೇನೆ. ಅಟಾರ್ನಿ ಜನರಲ್ ಆಫೀಸಿಗೆ ದೂರು ಸಿದ್ಧವಿದೆ. ಸಣ್ಣ ದಾವೆಗಳ ಜಸ್ಟಿಸ್ ಕೋರ್ಟಿನಲ್ಲಿ 20,000 ಡಾಲರ್ ತನಕ ವಕೀಲರಿಲ್ಲದೆ ಕೇಸು ಹಾಕಬಹುದು. ಅವತ್ತು ಬಿಸಿಲಲ್ಲಿ ನಿಂತಿದ್ದ ಉಳಿದ ಮನೆಯವರ ನಂಬರುಗಳೂ ನನ್ನ ಹತ್ತಿರ ಇವೆ. ಅವರಲ್ಲಿ ಹಲವರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ನೀವು ಹಣ ಕೊಟ್ಟರೂ ಆ ಬ್ರೋಷರ್ ಮುಂದಿನ ಸ್ಪ್ರಿಂಗ್ ಬ್ರೇಕ್‌ಗೆ ಹೀಗೇ ಬಂದರೆ ಕೇಸು ನಿಲ್ಲುವುದಿಲ್ಲ.

ಇತಿ,
ನಿಮ್ಮ ಪ್ರೊಗ್ರೆಸೊ ಟೂರ್‌ಗೆ ಐದು ಜನರ ಹಣ ಕಟ್ಟಿದವನು
(ಬುಕಿಂಗ್ ರಸೀದಿ, ಬ್ರೋಷರ್ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಜೊತೆಗಿವೆ)