ಒಂದೇ ವರ್ಷದ ಲೆಕ್ಕ ನೋಡಿ ತೀರ್ಪು ಬೇಡ

ಮಾನ್ಯ ಸಂಪಾದಕರೇ,

ಸಣ್ಣ ಸೇವಾ ಸಂಸ್ಥೆಗಳ ವಾರ್ಷಿಕ ಲೆಕ್ಕ ಕೈಗೆ ಬಂದಾಗ ಹೆಚ್ಚಿನವರು ನೋಡುವುದು ಎರಡೇ ಅಂಕಿ. ಈ ವರ್ಷ ಉಳಿದದ್ದೆಷ್ಟು, ಆಡಳಿತಕ್ಕೆ ಹೋದದ್ದೆಷ್ಟು. ಅಷ್ಟರಲ್ಲೇ ಸಂಸ್ಥೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಿಬಿಡುತ್ತಾರೆ. ಇಂಥ ಲೆಕ್ಕ ಬರೆಯುವ ನನಗೆ ಇದು ಬೇಸರದ ವಿಷಯ.

ಮೂರು ವರ್ಷದ ಕೆಲಸಕ್ಕೆ ಕೊಟ್ಟ ಅನುದಾನ ಪೂರ್ತಿ ಮೊದಲ ವರ್ಷವೇ ಬಂತು ಅನ್ನಿ. ಬಂದಾಗಲೇ ಅದನ್ನು ಆದಾಯ ಎಂದು ಬರೆದುಕೊಂಡರೆ ಆ ವರ್ಷ ಭಾರಿ ಉಳಿಕೆ ಕಾಣುತ್ತದೆ. ಮುಂದಿನ ಎರಡು ವರ್ಷ ಬರೀ ಕೊರತೆ. ನಿಜವಾಗಿ ಸಂಸ್ಥೆ ಶ್ರೀಮಂತವೂ ಆಗಿಲ್ಲ, ಮುಳುಗಿಯೂ ಇಲ್ಲ. ಒಪ್ಪಿಕೊಂಡ ಕೆಲಸಕ್ಕೆ ದುಡ್ಡು ಖರ್ಚು ಮಾಡಿದೆ, ಅಷ್ಟೇ. ಐದು ವರ್ಷದ ಲೆಕ್ಕವನ್ನು ಪಕ್ಕಪಕ್ಕ ಇಟ್ಟರೆ ಇದು ತಾನಾಗಿ ಗೊತ್ತಾಗುತ್ತದೆ. ಒಬ್ಬನೇ ದಾನಿಯ ಮೇಲೆ ಸಂಸ್ಥೆ ಎಷ್ಟು ನಿಂತಿದೆ, ಮೀಸಲು ನಿಧಿ (ಯಾವುದೇ ಯೋಜನೆಗೆ ಕಟ್ಟುಬೀಳದೆ, ಕಷ್ಟಕಾಲಕ್ಕೆಂದು ಕೂಡಿಟ್ಟ ಹಣ) ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂಬುದೂ ಆಗಲೇ ಕಾಣುವುದು.

ಮೀಸಲು ನಿಧಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬ್ಯಾಂಕಿನಲ್ಲಿರುವ ಹಣವೆಲ್ಲ ಬೇಕಾದ ಹಾಗೆ ಬಳಸುವ ಹಣ ಅಲ್ಲ. ಒಂದು ಯೋಜನೆಗೆಂದು ಕೊಟ್ಟದ್ದನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ. ಹಾಗಾಗಿ ಖಾತೆಯಲ್ಲಿ ದುಡ್ಡಿದ್ದೂ ಬಾಡಿಗೆ, ಸಂಬಳಕ್ಕೆ ಪರದಾಡುವ ತಿಂಗಳುಗಳು ಬರುತ್ತವೆ. ಕೆಲವು ಅನುದಾನಗಳಲ್ಲಂತೂ ಮೊದಲು ನಾವೇ ಖರ್ಚು ಮಾಡಬೇಕು, ಬಿಲ್ ಕೊಟ್ಟ ಮೇಲೆ ಹಣ ಬರುತ್ತದೆ. ಅಲ್ಲಿಯವರೆಗೆ ಕೈಹಿಡಿಯುವುದು ಮೀಸಲು ನಿಧಿಯೇ. ಮೂರರಿಂದ ಆರು ತಿಂಗಳ ಖರ್ಚಿನಷ್ಟಾದರೂ ಇರಲಿ ಎಂದು ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ. ಆದರೆ ಕಷ್ಟಪಟ್ಟು ಅಷ್ಟು ಕೂಡಿಟ್ಟ ಸಂಸ್ಥೆಗೆ ‘ನಿಮ್ಮ ಹತ್ತಿರ ದುಡ್ಡಿದೆಯಲ್ಲ’ ಎಂದು ದೇಣಿಗೆ ನಿಲ್ಲಿಸುತ್ತಾರೆ. ಇದು ಅನ್ಯಾಯ ಅಲ್ವಾ?

ಆಡಳಿತ ವೆಚ್ಚದ ಮಾತೂ ಹೀಗೆಯೇ. 2013ರಲ್ಲಿ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲೈಯನ್ಸ್ ಸೇರಿ ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಆಡಳಿತ ವೆಚ್ಚದ ಶೇಕಡಾವಾರು ಲೆಕ್ಕವೊಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದವು. ಸೇವಾ ಸಂಸ್ಥೆಗಳ ಮಾಹಿತಿ ಕೊಡುವ, ಅವನ್ನು ಅಳೆಯುವ ಕೆಲಸ ಮಾಡುವವರೇ ಹೇಳಿದ ಮಾತಿದು. ಲೆಕ್ಕ ಬರೆಯುವವರನ್ನು ಇಟ್ಟುಕೊಳ್ಳದೆ, ಹಳೆಯ ಕಂಪ್ಯೂಟರ್ ಬದಲಿಸದೆ ಎರಡು ಮೂರು ವರ್ಷ ಖರ್ಚು ಕಡಿಮೆ ತೋರಿಸಬಹುದು. ಆಮೇಲೆ ನುರಿತವರು ಬಿಟ್ಟು ಹೋಗುತ್ತಾರೆ, ವರದಿಗಳು ತಡವಾಗುತ್ತವೆ, ಅನುದಾನ ತಪ್ಪುತ್ತದೆ.

ದಾನಿಗಳು ತಮ್ಮ ದೇಣಿಗೆಯಲ್ಲಿ ಒಂದು ಭಾಗವನ್ನಾದರೂ ಇಂಥದ್ದಕ್ಕೇ ಎಂದು ಕಟ್ಟುಹಾಕದೆ ಕೊಡಲಿ. ಪತ್ರಿಕೆಯವರು ಸಂಸ್ಥೆಯೊಂದರ ಹಣಕಾಸಿನ ಬಗ್ಗೆ ಬರೆಯುವಾಗ ಹಿಂದಿನ ನಾಲ್ಕು ವರ್ಷದ ಅಂಕಿಗಳನ್ನೂ ಕೇಳಿ ಪಡೆದು, ಜೊತೆಗೇ ಅಚ್ಚು ಹಾಕಬೇಕೆಂದು ವಿನಂತಿ.

– ಸೇವಾ ಸಂಸ್ಥೆಯೊಂದರ ಖಜಾಂಚಿ